ಕೆಂಪು ಇಂಕಿನ ಬಿ.ಪಿ.

ಖಂಡಪ್ಪ ಕಳೆದ ಗುರುವಾರ ತೀರಿಕೊಂಡ. ಬಿಜ್ಜರಗಿಯ ತನ್ನ ದ್ರಾಕ್ಷಿ ತೋಟದಲ್ಲಿ, ಬೆಳಿಗ್ಗೆ ಎಂಟರ ಸುಮಾರಿಗೆ, ಹೃದಯ ನಿಂತು. ಅವನಿಗೆ ಅರವತ್ತೊಂಬತ್ತು. ನನಗೂ ಅಷ್ಟೇ. ಟಿಕೋಟಾದ ಸಾಲೆಯಲ್ಲಿ ಐದನೇ ತರಗತಿಯಿಂದ ನಮ್ಮದು ಒಂದೇ ಬೆಂಚು.

ಮೂರನೇ ದಿನ ಅವನ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ಅವನ ಹೆಂಡತಿ ಬೋರವ್ವ ನನ್ನ ಮುಂದೆ ಚಹಾ ಇಟ್ಟು, "ಮಾಸ್ತರ್ರ, ಬಂದಾವ್ರೆಲ್ಲಾ ಬರೇ ಅಳಾಕತ್ತಾರ. ಇರೂತನಾ ಮಂದೀನ ನಗಿಸಿದ ಮನಶ್ಯಾ ಅಂವ. ನೀವರೆ ಆ ಬಿ.ಪಿ. ಕಥಿ ಹೇಳ್ರಿ" ಎಂದಳು. ಹೇಳಲು ಬಾಯಿ ತೆರೆದೆ, ಚಹಾ ಕುಡಿದು ಮುಚ್ಚಿ ಎದ್ದು ಬಂದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಬಾಯಿ ಬೇಕಿಲ್ಲ. ನಗುವ ಹಾಗೆಯೇ ಬರೆದು ಮುಗಿಸಬೇಕೆಂದು ಹಟ ಹಿಡಿದು ಕೂತಿದ್ದೇನೆ, ನೋಡೋಣ.

ಇದು ಮೂರು ವರ್ಷದ ಹಿಂದಿನ ಸೆಪ್ಟೆಂಬರ್ ತಿಂಗಳ ಮಾತು. ಖಂಡಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆಂದು ವಿಜಯಪುರದ ಕಣ್ಣಿನ ಆಸ್ಪತ್ರೆಗೆ ಎರಡು ಸಲ ಹೋದ. ಎರಡು ಸಲವೂ ಹಸಿರು ಗೌನು ತೊಡಿಸಿದರು, ಬಿ.ಪಿ. ನೋಡಿದರು, ನೂರಾ ತೊಂಬತ್ತು ಎಂದು ಗೌನು ಬಿಚ್ಚಿಸಿ ಕಳಿಸಿದರು. ಅತ್ತ ಅಕ್ಟೋಬರಿನ ಚಾಟ್ನಿ ಹತ್ತಿರ ಬಂದಿತ್ತು. ಚಾಟ್ನಿ ಎಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ. ಯಾವ ಕಡ್ಡಿಯನ್ನು ಎಷ್ಟನೇ ಗೆಣ್ಣಿಗೆ ಕತ್ತರಿಸುತ್ತೀರಿ ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ನಲವತ್ತು ವರ್ಷದಲ್ಲಿ ಖಂಡಪ್ಪ ಆ ಕತ್ತರಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಹಿಂದಿನ ವರ್ಷ ಮಂಜುಗಣ್ಣಿನಲ್ಲೇ ಕತ್ತರಿಸಿದ್ದ. ಆರು ಸಾಲಿನಲ್ಲಿ ಎಲೆ ಬಂತೇ ಹೊರತು ಒಂದೂ ಗೊನೆ ಬರಲಿಲ್ಲ. ಈ ಸಲ ಬೋರವ್ವ ಕತ್ತರಿಯನ್ನೇ ಟ್ರಂಕಿನಲ್ಲಿಟ್ಟು ಬೀಗ ಜಡಿದಳು.

"ಕಣ್ಣು ಮಾಡಿಸ್ಕೊಂಡು ಬರ್ರಿ, ಕೀಲಿ ಕೊಡ್ತೀನಿ. ಇಲ್ಲಾಂದ್ರ ಈ ವರ್ಷ ಆಳ ಹಚ್ಚಿ ಮಾಡಸ್ತೀನಿ."

ತನ್ನ ಬಳ್ಳಿಗೆ ಆಳಿನ ಕತ್ತರಿ! ಖಂಡಪ್ಪ ಮರುದಿನವೇ ಮೊದಲ ಬಸ್ಸಿಗೆ ವಿಜಯಪುರದ ನನ್ನ ಮನೆಗೆ ಬಂದ. ಅವನನ್ನು ನಮ್ಮ ಪರಿಚಯದ ಡಾಕ್ಟರ್ ನಿರ್ಮಲಾ ಅವರಲ್ಲಿಗೆ ಕರೆದುಕೊಂಡು ಹೋದೆ. ಅವರು ಅವನ ಗುಳಿಗೆಗಳನ್ನೆಲ್ಲ ನೋಡಿ ಹೇಳಿದರು:

"ಆಸ್ಪತ್ರಿ ಮೆಟ್ಟಲಾ ಹತ್ತಿದ ಕೂಡ್ಲೇ ಕೆಲವರ್ದು ಏರ್ತೈತ್ರಿ. ಅದು ಖರೇ ಬಿ.ಪಿ. ಅಲ್ಲ. ಇದ ಗುಳಿಗಿ ನಡೀಲಿ. ಏಳು ದಿನ ಮನ್ಯಾಗ ನೋಡ್ರಿ. ಮುಂಜಾನಿ ಎರಡು ಸಲ, ಸಂಜಿಕ ಎರಡು ಸಲ. ಬರ್ಕೊಂಡು ತರ್ರಿ. ಅದನ್ನ ನೋಡಿ ಆಪರೇಶನ್ನಿಗೆ ಚೀಟಿ ಕೊಡೂದೋ ಬಿಡೂದೋ ಹೇಳ್ತೀನಿ."

ನಾನು ಎದ್ದು ನಿಂತೆ. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ನಿವೃತ್ತಿಯ ನಂತರ ಹೃದಯದ ಬಗ್ಗೆ ಮೂರು ಪುಸ್ತಕ, ರಕ್ತನಾಳದ ಬಗ್ಗೆ ಒಂದು ಪುಸ್ತಕ ಓದಿ ಮುಗಿಸಿದವನು. ಇಂಥ ಅವಕಾಶಕ್ಕಾಗಿಯೇ ಕಾದಿದ್ದವನು!

"ಡಾಕ್ಟರ್ರ, ಇಂವನ ಬಿ.ಪಿ. ಇನ್ನ ನನ್ನ ಜವಾಬ್ದಾರಿ. ಏಳು ದಿನ ನನ್ನ ಮನ್ಯಾಗ ಇಟ್ಕೊಂಡು, ಗೋಳಗುಮ್ಮಟದ ತುದಿಯಿಂದ ಮಂದೀನ ಕೆಳಗ ಇಳಿಸಿದಂಗ ಒಂದೊಂದ ಮೆಟ್ಟಲಾ ಇಳಿಸಿ ತರ್ತೀನಿ!"

ಖಂಡಪ್ಪ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದ. "ಲೇ ಮಾಸ್ತರ, ಅಲ್ಲಿ ಇಳಿಯೂವಾಗನ ಮಂದಿ ಕಾಲು ನಡಗ್ತಾವೋ."

ನಾನು ಕೇಳಿಸಿಕೊಳ್ಳಲಿಲ್ಲ. ಮರಳುವ ದಾರಿಯಲ್ಲೇ ಉಮರನ ಮೆಡಿಕಲ್ ಅಂಗಡಿಯಲ್ಲಿ ಬಿ.ಪಿ. ಮಷಿನ್ ಕೊಂಡೆ.

ಮನೆಗೆ ಬಂದವನೇ ಹಳೆಯ ಕ್ಯಾಲೆಂಡರಿನ ಬೆನ್ನಿಗೆ 'ರಕ್ತದೊತ್ತಡ ಮಾಪನ ಸಂಹಿತೆ' ಬರೆದು ಗೋಡೆಗೆ ಹೊಡೆದೆ. ಅರ್ಧ ತಾಸು ಮೊದಲು ಚಹಾ ಇಲ್ಲ, ತಂಬಾಕು ಇಲ್ಲ. ಮೂತ್ರ ಮಾಡಿ ಬಂದು ಕೂಡಬೇಕು. ಬೆನ್ನು ಕುರ್ಚಿಗೆ ಆನಿಸಬೇಕು, ಪಾದ ನೆಲ ಮುಟ್ಟಬೇಕು, ಕಾಲ ಮೇಲೆ ಕಾಲು ಕೂಡದು. ಬರಿ ತೋಳಿಗೆ ಪಟ್ಟಿ ಸುತ್ತಬೇಕು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ ಇರಬೇಕು. ಐದು ನಿಮಿಷ ಮೌನ. ಎಲ್ಲವೂ ಸರಿಯಾದ ನಿಯಮಗಳೇ, ಅದರಲ್ಲಿ ತಪ್ಪಿಲ್ಲ. ನನ್ನ ಹೆಂಡತಿ ಸುಮಂಗಲಾ ರೊಟ್ಟಿ ಬಡಿಯುವ ಕೈ ಒರೆಸಿಕೊಳ್ಳುತ್ತ ಬಂದು ಓದಿದಳು.

"ಇದೇನ್ರಿ, ಪರೀಕ್ಷಾ ಹಾಲಿಗೆ ಹಚ್ಚೂ ನೋಟೀಸ ಇದ್ದಂಗ ಐತಿ?"

"ಶಿಸ್ತು ಇಲ್ಲದ ಅಳತಿ ಅಳತೀನ ಅಲ್ಲ!" ಎಂದೆ.

ಮೊದಲ ದಿನ ಖಂಡಪ್ಪ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಕಾಲು ಕೆಳಗ ಬಿಡು."

"ಕೆಳಗ ಬಿಟ್ರ ಬಸ್ಸಿನ್ಯಾಗ ಕುಂತಂಗ ಆಕ್ಕೈತಿ. ಎಲ್ಲಿ ಇಳೀಬೇಕೋ ಅನ್ನೂ ಚಿಂತಿ ಹತ್ತೈತಿ."

"ಬಿಡು ಅಂದ್ರ ಬಿಡು. ಮಾತಾಡಬ್ಯಾಡ. ಬೆನ್ನು ಆನಿಸು. ಏ, ಕೈ ಯಾಕ ಬಿಗೀತಿ? ಸಡಲ ಬಿಡು. ಅಲಗಾಡಬ್ಯಾಡ ಅಂತ ಹೇಳ್ಲಿಲ್ಲ? ನನ್ನ ಮಾರಿ ಏನ ನೋಡ್ತಿ, ಮುಂದ ನೋಡು!"

ಪಟ್ಟಿ ಊದಿತು. "ಯಪ್ಪಾ, ಕೈ ಮುರಿತೈತಲೇ!" ಎಂದು ಖಂಡಪ್ಪ ಎದ್ದೇ ಬಿಟ್ಟ. ಮಷಿನ್ ತನ್ನ ಕಿಟಕಿಯಲ್ಲಿ ಇಂಗ್ಲಿಷಿನ 'ಇ' ಅಕ್ಷರ ತೋರಿಸಿತು.

"ಹಂಗಂದ್ರ ಏನ?"

"ತಪ್ಪು ಅಂತ."

"ಭೇಷ್! ಮಷಿನ್ನೂ ನಿಮ್ಮ ಮಾಸ್ತರ ಜಾತೀದ ಐತಿ, ಮೊದಲ ಏಟಿಗೆ ತಪ್ಪು ಹಾಕೈತಿ."

ಎರಡನೇ ಸಲ ನೂರಾ ಎಂಬತ್ತೆರಡು, ಕೆಳಗೆ ನೂರಾ ನಾಲ್ಕು. ನಾನು ಜೇಬಿನಿಂದ ಕೆಂಪು ಪೆನ್ನು ತೆಗೆದು ವಹಿಯಲ್ಲಿ ಬರೆದೆ. ನಿವೃತ್ತನಾದರೂ ನನ್ನ ಜೇಬಿನಲ್ಲಿರುವುದು ಕೆಂಪು ಪೆನ್ನೇ. ನಂತರ ಮೇಲಿನ ಅಂಕಿ ಎಂದರೇನು, ಕೆಳಗಿನ ಅಂಕಿ ಎಂದರೇನು ಎಂದು ಕರಿಹಲಗೆಯಿಲ್ಲದೆಯೇ ಪಾಠ ಶುರು ಮಾಡಿದೆ. ಹೃದಯ ಹಿಂಡಿದಾಗ ನಾಳಕ್ಕೆ ಬೀಳುವ ಒತ್ತಡ, ಹೃದಯ ಸಡಿಲಿಸಿದಾಗ ಉಳಿಯುವ ಒತ್ತಡ, ಮಹಾಧಮನಿಯ ಸ್ಥಿತಿಸ್ಥಾಪಕತ್ವ... ಖಂಡಪ್ಪ ಕೈ ಎತ್ತಿದ.

"ಅಂದ್ರ ತೋಟದ ಡ್ರಿಪ್ ಪೈಪಿನ ಪ್ರೆಶರ್ ಗಡಿಯಾರ ಇದ್ದಂಗ. ಮೋಟರ್ ದಬ್ಬಿದಾಗ ಎಷ್ಟು ಅನ್ನೂದು ಮ್ಯಾಲಿಂದು, ದಬ್ಬೂದು ತಡದಾಗ ಪೈಪಿನ್ಯಾಗ ಎಷ್ಟು ಉಳದೈತಿ ಅನ್ನೂದು ಕೆಳಗಿಂದು. ದಿನಾ ಹೆಚ್ಚ ಇದ್ರ ಒಂದ ದಿನ ಎಲ್ಲರೆ ಜಾಯಿಂಟ್ ಬಿಚ್ಚತೈತಿ. ಒಂದ ಸಲ ಹೆಚ್ಚ ತೋರಿಸಿದ್ರ ಹೆದರೂದಿಲ್ಲ, ನಾಕ ಸಲ ನೋಡ್ತೀವಿ. ಇಷ್ಟ ಹೌದಿಲ್ಲೋ?"

ನಾಲ್ಕು ಪುಸ್ತಕದ ಸಾರ! ನಾನು ಒಪ್ಪಲಿಲ್ಲ. "ಹೆಚ್ಚೂಕಡಿಮಿ ಹಂಗ" ಎಂದೆ.

ಎರಡನೇ ದಿನ ನೂರಾ ಎಂಬತ್ನಾಲ್ಕು. ನಾನು ಉಪ್ಪಿನ ಮೇಲೆ ಯುದ್ಧ ಸಾರಿದೆ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿ ಎಲ್ಲವೂ ಗಡೀಪಾರು. ಉಪ್ಪಿಲ್ಲದ ಬದನೆಕಾಯಿ ಎಣ್ಣೆಗಾಯಿ ತಟ್ಟೆಗೆ ಬಂತು. ಖಂಡಪ್ಪ ಒಂದು ತುತ್ತು ತಿಂದು ನನ್ನ ಹೆಂಡತಿಯ ಮುಖ ನೋಡಿದ.

"ವೈನಿ, ನನ್ನ ಮ್ಯಾಲ ಏನರೆ ಸಿಟ್ಟ ಐತೇನ್ರಿ?"

"ನನಗ್ಯಾಕ ಕೇಳ್ತೀರಿ ಅಣ್ಣಾರ? ಇದು ಅಡಗಿ ಅಲ್ಲ, ಸಂಹಿತೆ."

ಮೂರನೇ ದಿನ ನೂರಾ ಎಂಬತ್ತೆಂಟು! ಈಗ ಸದ್ದಿನ ಸರದಿ. ಟೀವಿ ಬಂದ್. ಕುಕ್ಕರಿನ ಸೀಟಿ ಬಂದ್. ನಮ್ಮ ಪಕ್ಕದಲ್ಲಿ ಲಾಡಲೇಸಾಬನ ಮೋಟರ್ ರಿವೈಂಡಿಂಗ್ ಅಂಗಡಿ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಮಷಿನ್ ನಿಲ್ಲಿಸಬೇಕೆಂದು ಅವನಿಗೆ ಆದೇಶ ಹೊರಡಿಸಿದೆ. "ಆತ್ರಿ ಸರ, ಆದ್ರ ಯಾಕ?" ಎಂದು ಅವನು ನೋಡಲು ಬಂದ. ನೋಡಲು ಬಂದವನ ತೋಳನ್ನೂ ಬಿಡಲಿಲ್ಲ, ಸಂಹಿತೆಯ ಪ್ರಕಾರ ಕೂಡಿಸಿ ಅಳೆದೆ. ನೂರಾ ಅರವತ್ತು! ಅವನು ಗಾಬರಿಯಿಂದ ಹೊರಗೆ ಹೋಗಿ ಓಣಿಗೆಲ್ಲ ಹೇಳಿದ. ಎದುರು ಮನೆಯ ಹುಲಿಗೆವ್ವ ಬಂದಳು. ನೂರಾ ಐವತ್ತೆಂಟು! "ಮಾತಾಡಬ್ಯಾಡ ಬೇ, ಕೈ ಅಲಗಿಸಬ್ಯಾಡ ಬೇ" ಎಂದು ನಾನು ಗದರುತ್ತಲೇ ಇದ್ದೆ. ಒಟ್ಟು ಏಳು ಮಂದಿ. ಏಳೂ ಮಂದಿಗೆ ಹೆಚ್ಚು! ಒಂದೂವರೆ ಗಂಟೆಯಲ್ಲಿ ಆರೋಗ್ಯವಂತ ಓಣಿಯೊಂದು ನನ್ನ ಕೈಯಲ್ಲಿ ರೋಗಿಷ್ಟವಾಯಿತು.

"ಸರ, ಮುಂಜಾನಿತನಾ ಬರೋಬ್ಬರಿ ಇದ್ವೆಲ್ರಿ ನಾವು?" ಎಂದ ಲಾಡಲೇಸಾಬ.

ಗಣಿತ ಮಾಸ್ತರನಿಗೆ ಉತ್ತರ ಹೊಳೆಯಲು ಎಷ್ಟು ಹೊತ್ತು! ಮಷಿನ್ ಕೆಟ್ಟಿದೆ! ನಾಲ್ಕನೇ ದಿನ ಸಂಜೆ ಅದರ ರಸೀದಿ ಹಿಡಿದು ಉಮರನ ಅಂಗಡಿಗೆ ನುಗ್ಗಿದೆ. ಮಷಿನ್ನನ್ನು ಮಾತ್ರ ಅವಸರದಲ್ಲಿ ಮನೆಯಲ್ಲೇ ಬಿಟ್ಟಿದ್ದೆ. ಉಮರ ಅದೇ ಕಂಪನಿಯ ಇನ್ನೊಂದನ್ನು ತೆಗೆದು ತನ್ನ ತೋಳಿಗೆ ಕಟ್ಟಿಕೊಂಡ. ನೂರಾ ಹದಿನೆಂಟು, ಕೆಳಗೆ ಎಪ್ಪತ್ತಾರು.

"ನಿಮ್ಮ ಮಷಿನ್ ತರ್ರಿ, ಎರಡೂ ಕೂಡಿಸಿ ನೋಡೂಣು. ಅಲ್ಲೀತನಾ ಇದರಾಗ ನಿಮ್ದೊಂದ ಸಲ ನೋಡ್ಲೇನ್ರಿ ಸರ? ಮಾರಿ ಕೆಂಪಗಾಗೈತಿ."

"ನಂದ್ಯಾಕ? ನಾ ಅಳಿಯಾಂವ, ಅಳಿಸ್ಕೊಳ್ಳಾಂವ ಅಲ್ಲ!"

ಮನೆಗೆ ಬಂದರೆ, ನನ್ನ ವಹಿಯಲ್ಲಿ ಕಪ್ಪು ಇಂಕಿನ ಒಂದು ಸಾಲು. ಸುಮಂಗಲಾಳ ಅಕ್ಷರ. ನೂರಾ ಮೂವತ್ನಾಲ್ಕು, ಕೆಳಗೆ ಎಂಬತ್ತೆರಡು.

"ಇದ್ಯಾರು ಬರದಾರ?"

"ನಾ ನೋಡೀನ್ರಿ. ಹೊತ್ತಾಗಿತ್ತು, ನೀವು ಇರ್ಲಿಲ್ಲ. ಅಣ್ಣಾರು ಸುಮ್ನ ಕುಂತಿದ್ರು, ಪಟ್ಟಿ ಸುತ್ತಿ ಗುಂಡಿ ಒತ್ತಿದೆ."

"ಐದು ನಿಮಿಷ ಮೌನ ಮಾಡಿಸಿದಿ?"

"ನನ್ನ ಕೂಡ ಯಾರು ಏನ ಮಾತಾಡ್ತಾರ? ನಾ ಕಾಳು ಆರಸಾಕತ್ತಿದ್ದೆ, ಅವ್ರು ನೋಡಕೋತ ಕುಂತಿದ್ರು."

ನಾನು ತಕ್ಷಣ ಖಂಡಪ್ಪನನ್ನು ಕುರ್ಚಿಗೆ ಕರೆದೆ. ಅಳೆದೆ. ನೂರಾ ಎಂಬತ್ತು! "ನೋಡಿದ್ಯಾ?" ಎಂದು ಹೆಂಡತಿಯ ಸಾಲಿನ ಮುಂದೆ ಕೆಂಪಿನಲ್ಲಿ 'ಅಸಿಂಧು' ಎಂದು ಬರೆದೆ. ಆಮೇಲಿನ ಮೂರು ದಿನವೂ ಹಾಗೆಯೇ. ನಾನು ಬೆಳಗಿನ ತಿರುಗಾಟಕ್ಕೆ ಹೋದಾಗ ಅವಳು ನೋಡಿ ಕಪ್ಪಿನಲ್ಲಿ ಬರೆಯುವಳು: ನೂರಾ ಮೂವತ್ತು, ನೂರಾ ಮೂವತ್ತೆರಡು. ನಾನು ಬಂದು ಮತ್ತೆ ನೋಡಿ ಕೆಂಪಿನಲ್ಲಿ ಬರೆಯುವೆನು: ನೂರಾ ಎಪ್ಪತ್ತೆಂಟು, ನೂರಾ ಎಂಬತ್ತು. ಖಂಡಪ್ಪ ಇಬ್ಬರಿಗೂ ತೋಳು ಕೊಟ್ಟು ಸುಮ್ಮನೆ ಇದ್ದ. ಒಂದೇ ಮಾತು ಕೇಳಿದ: "ಮಾಸ್ತರ, ಹಿಂಗಾದ್ರ ಕತ್ತರಿ ನನಗ ಸಿಗೂದಿಲ್ಲೇನೋ?" ಆ ದನಿ ಕೇಳಿ ನನ್ನ ಛಲ ಇನ್ನೂ ಹೆಚ್ಚಿತು. ಇನ್ನಷ್ಟು ಗಟ್ಟಿಯಾಗಿ ಅವನ ಮಣಿಕಟ್ಟು ಹಿಡಿದು ಅಳೆದೆ.

ಎಂಟನೇ ದಿನ ಮೂವರೂ ಡಾಕ್ಟರ್ ನಿರ್ಮಲಾ ಅವರ ಮುಂದೆ ಕೂತೆವು. ಅವರು ವಹಿಯ ಪುಟ ತಿರುವಿದರು, ಹಿಂದಕ್ಕೆ ಹೋದರು, ಮತ್ತೆ ತಿರುವಿದರು.

"ಕೆಂಪು ಪೆನ್ನು ಯಾರ್ದ್ರಿ?"

"ನಂದು!" ಎಂದೆ ಎದೆ ಉಬ್ಬಿಸಿ.

"ಕಪ್ಪು?"

"ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ನನ್ನ ಮನಿಯವರದು. ಕಾಳು ಆರಿಸ್ಕೋತ ನೋಡ್ಯಾರ."

ಡಾಕ್ಟರು ತುಟಿ ಕಚ್ಚಿ ಹಿಡಿದರು. "ಸರ, ನೀವೊಂದೀಟು ಹೊರಗ ಕುಂದರ್ತೀರೇನು?"

ಹೊರಗೆ ಕೂತೆ. ಹತ್ತು ನಿಮಿಷದ ಮೇಲೆ ಕರೆದರು. ಸುಮಂಗಲಾ ನೋಡಿದಾಗ ನೂರಾ ಮೂವತ್ತಾರು. ದವಾಖಾನೆಯಲ್ಲೇ! "ಈಗ ನೀವು ನೋಡ್ರಿ ಸರ, ಮನ್ಯಾಗ ನೋಡಿದಂಗ" ಎಂದರು. ನಾನು ಪಟ್ಟಿ ಸುತ್ತಿದೆ. ಬೆನ್ನು ಆನಿಸು, ಕಾಲು ಬಿಡು, ಅಲಗಾಡಬ್ಯಾಡ, ಮಾತಾಡಬ್ಯಾಡ... ನೂರಾ ಎಪ್ಪತ್ತಾರು!

ಮಷಿನ್ ಉಸ್ಸೆಂದು ಉಸಿರು ಬಿಟ್ಟಿತು.

"ಕೆಲವರಿಗೆ ಡಾಕ್ಟರ್ ಕಂಡ್ರ ಏರ್ತೈತಿ" ಎಂದರು ನಿರ್ಮಲಾ. "ಇವರಿಗೆ ಮಾಸ್ತರ್ ಕಂಡ್ರ. ಸರ, ಅಳಿಯೂವಾಗ ಪೇಶಂಟ್ ಅಷ್ಟ ಅಲ್ಲ, ಅಳಿಯಾವ್ರೂ ಸುಮ್ನ ಇರಬೇಕ್ರಿ. ನಿಮ್ಮ ಓಣಿ ಮಂದೀದೂ ಮನಿಯವರು ಹೇಳಿದ್ರು, ಅವ್ರೂ ಪಾಪ ಬರೋಬ್ಬರಿ ಇರಬೇಕು. ಅವರದು ಮನಿಯವರ ಕಡಿಂದ ಇನ್ನೊಂದ ಸಲ ನೋಡಸ್ರಿ."

ನಾನು ಖಂಡಪ್ಪನ ಕಡೆ ತಿರುಗಿದೆ. "ಲೇ, ನಿನಗ ಗೊತ್ತಿತ್ತೇನು?"

ಅವನು ತಲೆ ಕೆರೆದುಕೊಂಡ. "ನೀ ಆ ಕೆಂಪ ಪೆನ್ನಾ ತಗದ ಕೂಡ್ಲೇ ಎದಿ ಡಬಡಬ ಅಂತಿತ್ತೋ. ಎಂಟನೇ ಕ್ಲಾಸಿನ್ಯಾಗ ಗಣಿತ ಪೇಪರ ಕೊಟ್ಟಾಗ ಆಗಿತ್ತಲ್ಲ, ಹಂಗ."

"ಮತ್ತ ಬಾಯಿ ಬಿಟ್ಟ ಹೇಳಬೇಕಿಲ್ಲೇನು?"

"ಇಷ್ಟು ಆಸೆಯಿಂದ ಮಾಡಾಕತ್ತಿದ್ದಿ. ಬ್ಯಾಡ ಅಂದ್ರ ನೊಂದ್ಕೋತಿ ಅಂತ ಸುಮ್ನಿದ್ದೆ."

ಕತ್ತರಿ ಕೈಬಿಟ್ಟು ಹೋಗುವ ಹೊತ್ತಿನಲ್ಲೂ ಇವನಿಗೆ ನನ್ನ ಮನಸ್ಸು ನೋಯದಿರುವುದೇ ದೊಡ್ಡದಾಗಿತ್ತು. ಇದನ್ನು ಬರೆಯುವಾಗ ಪೆನ್ನು ಒಂದು ಸಲ ನಿಂತಿತು. ಇರಲಿ, ಮುಂದಕ್ಕೆ ಹೋಗೋಣ.

ಡಾಕ್ಟರು ಕೆಂಪು ಸಾಲುಗಳನ್ನೆಲ್ಲ ಹೊಡೆದು ಹಾಕಿ, ಕಪ್ಪು ಸಾಲುಗಳ ಸರಾಸರಿ ತೆಗೆದು, ಆಪರೇಷನ್ನಿಗೆ ಚೀಟಿ ಬರೆದರು. ಮೂವತ್ನಾಲ್ಕು ವರ್ಷ ಬೇರೆಯವರ ಲೆಕ್ಕಕ್ಕೆ ಗೀಟು ಎಳೆದವನ ಲೆಕ್ಕಕ್ಕೆ ಗೀಟು! ಏಳುವಷ್ಟರಲ್ಲಿ ಅವರು ನನ್ನ ತೋಳು ಹಿಡಿದರು. "ಬಂದೀರಿ, ನಿಮ್ದೂ ನೋಡೇ ಬಿಡೂಣು."

ನೂರಾ ಅರವತ್ತೆಂಟು, ಕೆಳಗೆ ನೂರು.

"ಇದು ದವಾಖಾನಿ ಹೆದರಿಕಿ ಇರಬೇಕ್ರಿ" ಎಂದೆ ತಡವರಿಸುತ್ತ.

"ಇರಬಹುದು. ಏಳು ದಿನ ಮನ್ಯಾಗ ನೋಡ್ರಿ."

ಆ ಏಳು ದಿನವೂ ಖಂಡಪ್ಪ ಊರಿಗೆ ಹೋಗಲಿಲ್ಲ. ಎರಡಡಿ ದೂರದ್ದು ಕಾಣದ ಕಣ್ಣಿನಿಂದ ಮಷಿನ್ನನ್ನು ಮೂಗಿಗೆ ಹಿಡಿದುಕೊಂಡು ನನ್ನ ಬಿ.ಪಿ. ಓದಿದ. ನನ್ನದು ಅವನು ನೋಡಿದರೂ ನೂರಾ ಅರವತ್ತನಾಲ್ಕು, ಸುಮಂಗಲಾ ನೋಡಿದರೂ ನೂರಾ ಅರವತ್ತನಾಲ್ಕು. ಕಾಳು ಆರಿಸಿದರೂ ಅಷ್ಟೇ, ಕುಕ್ಕರು ಕೂಗಿದರೂ ಅಷ್ಟೇ. ಯಾರಿಗೂ ಪಕ್ಷಪಾತ ಮಾಡದ ಸಮದರ್ಶಿ ರಕ್ತ! ರೋಗಿ ನಾನೇ. ಗುಳಿಗೆ ಶುರುವಾಯಿತು.

ಅವನ ಆಪರೇಷನ್ನಿನ ದಿನ ಸುಮಂಗಲಾ ಒಳಗೆ ಅವನ ಪಕ್ಕ ಕೂತಳು. ನನ್ನನ್ನು ಗೇಟಿನ ಹೊರಗೆ ಎಲ್ಲರ ಚಪ್ಪಲಿಯ ಜೊತೆ ನಿಲ್ಲಿಸಿದ್ದರು. ಬಿ.ಪಿ. ನೂರಾ ನಲವತ್ತು, ಆಪರೇಷನ್ ಸುಸೂತ್ರ. ಅಕ್ಟೋಬರಿನ ಮೂರನೇ ವಾರ ಬಿಜ್ಜರಗಿಗೆ ಹೋದಾಗ ಬೋರವ್ವ ಟ್ರಂಕಿನ ಕೀಲಿಯನ್ನು ಅವನ ಕೈಗಿಟ್ಟಳು. ಅವನು ಮೊದಲ ಕಡ್ಡಿಯನ್ನು ಹಿಡಿದು, ಗೆಣ್ಣು ಎಣಿಸಿ, ಕತ್ತರಿಸಿ, "ಮಾಸ್ತರ, ಹೋದ ವರ್ಷ ಇದನ್ನೆಲ್ಲಾ ನಾ ಕುರುಡಗಣ್ಣಿಲೆ ಕಡದೀನೇನೋ! ಬಳ್ಳಿ ಹೆಂಗ ಬದಿಕ್ಯಾವ ನೋಡು" ಎಂದ. ಆ ವರ್ಷ ಎಲ್ಲ ಸಾಲೂ ಗೊನೆ ಬಿಟ್ಟವು.

ಇನ್ನು ನನ್ನ ವಿಷಯ. ನಾಲ್ಕು ತಿಂಗಳಿಗೆ ನನ್ನದು ನೂರಾ ಇಪ್ಪತ್ತಾರಕ್ಕೆ ಇಳಿಯಿತು. ರೋಗ ವಾಸಿಯಾಯಿತೆಂದು ಸ್ವಂತ ತೀರ್ಪು ಕೊಟ್ಟುಕೊಂಡು ಗುಳಿಗೆ ಬಿಟ್ಟೆ. ಓದಿದವನಲ್ಲವೇ! ಹದಿನೈದು ದಿನಕ್ಕೆ ಮತ್ತೆ ನೂರಾ ಅರವತ್ತೈದು. ಸುದ್ದಿ ಕೇಳಿ ಖಂಡಪ್ಪ ಬಸ್ಸು ಹತ್ತಿ ಬಂದ. ಬಾಗಿಲಲ್ಲೇ ನಿಂತು ಬೈದ.

"ನೀರು ಬಿಟ್ಟ ಮ್ಯಾಲ ಬಳ್ಳಿ ಹಸರಾತು ಅಂತ ನೀರ ಬಂದ್ ಮಾಡ್ತಾರೇನಲೇ? ಗುಳಿಗಿಯಿಂದ ಇಳದೈತಿ, ಗುಳಿಗಿ ಬಿಟ್ರ ಏರ್ತೈತಿ. ಇಷ್ಟ ತಿಳಿಯಾಕ ನಾಕ ಪುಸ್ತಕ ಓದೀ?"

ಅಂದಿನಿಂದ ದಿನಾ ಬೆಳಿಗ್ಗೆ ಏಳೂವರೆಗೆ ಅವನ ಫೋನು. "ನುಂಗಿದ್ಯಾ?" "ನುಂಗೀನಿ." ಇಷ್ಟೇ. ಎಷ್ಟೋ ದಿನ ನಾನು ನುಂಗದೆಯೇ ನುಂಗಿದ್ದೇನೆ ಎಂದಿದ್ದೇನೆ. ತಿಂಡಿ ಆದ ಮೇಲೆ ನೋಡೋಣವೆಂದು, ಆಮೇಲೆ ಮರೆತು.

ಕಳೆದ ಗುರುವಾರ ಏಳೂವರೆಗೆ ಫೋನು ಬಂತು. ನನಗಲ್ಲ, ಸುಮಂಗಲಾಳಿಗೆ. ಅವಳು ಅಡಿಗೆಮನೆಯಲ್ಲಿ ಸ್ಪೀಕರ್ ಹಾಕಿದಳು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ವೈನಿ, ಮಾಸ್ತರಗ ಫೋನ ಕೊಡಬ್ಯಾಡ್ರಿ. ಎರಡ ದಿನದಿಂದ ಅವನ ದನಿ ಸುಳ್ಳ ಹೇಳಾಕತ್ತೈತಿ. ಗುಳಿಗಿ ನುಂಗ್ಯಾನೋ ಇಲ್ಲೋ, ನೀವ ಹೇಳ್ರಿ."

"ಇಲ್ರೀ ಅಣ್ಣಾರ. ಮೊನ್ನಿಯಿಂದ ಹಂಗ ಅದಾವ."

"ನುಂಗಸ್ರಿ. ನಾ ಫೋನ ಹಿಡಕೊಂಡ ನಿಂದರ್ತೀನಿ."

"ನಿನಗ ತೋಟದಾಗ ಬ್ಯಾರೆ ಕೆಲಸ ಇಲ್ಲೇನೋ?" ಎಂದು ನಾನು ಕೂಗಿದೆ.

"ಐತಿ. ನೀ ನುಂಗೂತನಾ ಬಂದ್ ಐತಿ."

ಸುಮಂಗಲಾ ಗುಳಿಗೆ ಕೊಟ್ಟಳು, ನೀರು ಕೊಟ್ಟಳು. ಸಪ್ಪಳ ಬರುವ ಹಾಗೆ ನುಂಗಿದೆ.

"ಕೇಳಿಸ್ತು. ಆದ್ರೂ ಬಾಯಿ ತಗಸ್ರಿ ವೈನಿ. ನಾಲಿಗಿ ಕೆಳಗ ನೋಡ್ರಿ. ಸಾಲ್ಯಾಗ ಪೇಪರಮಿಂಟ ಅಲ್ಲೇ ಮುಚ್ಚಿಡತಿದ್ದ ಇಂವಾ."

ಮೂವತ್ನಾಲ್ಕು ವರ್ಷ ಸಾವಿರಾರು ಮಕ್ಕಳಿಗೆ 'ಬಾಯಿ ಮುಚ್ಚು' ಎಂದವನು, ಅಡಿಗೆಮನೆಯ ನಡುವೆ ನಿಂತು 'ಆ' ಎಂದು ಬಾಯಿ ತೆರೆದೆ. ನಾಲಿಗೆ ಮೇಲೆತ್ತಿದೆ. ಸುಮಂಗಲಾ ಬಗ್ಗಿ ನೋಡಿದಳು.

"ಏನೂ ಇಲ್ರೀ ಅಣ್ಣಾರ. ನುಂಗ್ಯಾರ."

"ಹಂಗಾರ ಬರೋಬ್ಬರಿ ಆತು. ಇನ್ನ ನಾ ಕೆಲಸಕ್ಕ ಹತ್ತತೀನಿ" ಎಂದು ಖಂಡಪ್ಪ ಫೋನು ಇಟ್ಟ.